ಗಾಯಕ್ಕೆ ಹಾಕಿದ ಹಂದರ

“ನೋವಿನಲ್ಲಿರುವವನು ಕೈಮುಗಿದು ಕೇಳುವಾಗ ‘ಇಲ್ಲ’ ಎನ್ನುವ ವೈದ್ಯ ಕಲ್ಲೆದೆಯವನಲ್ಲವೇ, ಗುರುಗಳೇ?” ಎಂದು ಪದ್ಮರಾಜ ಕೇಳಿದ. ಬಾಯಿಯ ರೋಗಗಳ ಚಿಕಿತ್ಸೆ ಕಲಿಯಲು ಬಂದಿದ್ದ ಅವನಿಗೆ ಕೈ ಚುರುಕು, ಮನಸ್ಸು ಮೆದು. ಗುರುಗಳು ಕೈ ಒರೆಸಿಕೊಂಡು ಕೂತು ಈ ಕತೆ ಹೇಳಿದರು.

ಒಂದು ಪಟ್ಟಣದಲ್ಲಿ ಒಬ್ಬ ವೈದ್ಯನಿದ್ದ. ಬಾಯೊಳಗಿನ ಗಾಯ ಮಾಯಿಸುವುದರಲ್ಲಿ ಎತ್ತಿದ ಕೈ. ಅವನು ತೆಳ್ಳನೆಯ ಒಂದು ಹಂದರ ಮಾಡುತ್ತಿದ್ದ. ಬಳ್ಳಿಗೆ ಚಪ್ಪರ ಹಾಕಿದ ಹಾಗೆ ಅದನ್ನು ಗಾಯದ ಗುಳಿಯಲ್ಲಿ ಕೂರಿಸಿದರೆ, ಅದರೊಳಗಿನ ಮದ್ದು ದಿನವೂ ಸ್ವಲ್ಪಸ್ವಲ್ಪವೇ ಒಸರಿ ಸುತ್ತಲಿನ ಜೀವಕೋಶಗಳನ್ನು ಬೆಳೆಯಲು ಎಬ್ಬಿಸುತ್ತಿತ್ತು. ಹೊಸ ಮಾಂಸ ಆ ಹಂದರ ಹಿಡಿದು ಹಬ್ಬುತ್ತಿತ್ತು. ಗಾಯ ತುಂಬುವ ಹೊತ್ತಿಗೆ ಹಂದರ ತಾನೇ ಕರಗಿಹೋಗುತ್ತಿತ್ತು. ಜನ ಅವನನ್ನು ದೇವರೆಂದರು. ಹಾಗೆ ಅನ್ನಿಸಿಕೊಳ್ಳುವುದು ಯಾರಿಗೆ ಬೇಡ?

ಆದರೆ ಒಂದು ವಿಷಯದಲ್ಲಿ ಅವನು ಕಟ್ಟುನಿಟ್ಟು. ಬಹುಕಾಲ ಮಾಯದ ಗಾಯವಾದರೆ ಅದರ ಅಂಚಿನಿಂದ ಚೂರು ಮಾಂಸ ತೆಗೆದು ಪರೀಕ್ಷೆಗೆ ಕಳಿಸುತ್ತಿದ್ದ. ಕ್ಯಾನ್ಸರ್ ಅಲ್ಲವೆಂದು ಖಚಿತವಾದ ಮೇಲೆಯೇ ಹಂದರ. ಆ ಮದ್ದು ಒಳ್ಳೆಯದು, ಕೆಟ್ಟದ್ದು ಎಂದು ಭೇದ ಮಾಡದೆ ಎಲ್ಲವನ್ನೂ ಬೆಳೆಸುತ್ತದೆಂದು ಅವನಿಗೆ ಗೊತ್ತಿತ್ತು.

ಒಂದು ದಿನ ಒಬ್ಬ ಬೆಲ್ಲದ ವ್ಯಾಪಾರಿ ಬಂದ. ಎಲೆಯಡಿಕೆ, ಹೊಗೆಸೊಪ್ಪು ಒತ್ತಿಟ್ಟುಕೊಳ್ಳುತ್ತಿದ್ದ ಕೆನ್ನೆಯ ಒಳಗೆ ಹಳೆಯ ಗಾಯ. ಖಾರ ಸೋಕಿದರೆ ಕಣ್ಣಲ್ಲಿ ನೀರು. ಮಗಳ ಮದುವೆ ಹತ್ತಿರವಾಗಿತ್ತು. ಅವರ ಪದ್ಧತಿಯಲ್ಲಿ ಹೆಣ್ಣಿನ ತಂದೆ ಬೀಗರ ಪಂಕ್ತಿಯಲ್ಲಿ ಕೂತು ಅವರ ಜೊತೆ ಉಣ್ಣಲೇಬೇಕು. ಎಲೆಯ ಮುಂದೆ ಕೈಕಟ್ಟಿ ಕೂತರೆ, ಈ ಮನೆತನದಲ್ಲಿ ಏನೋ ರೋಗವಿದೆ ಎಂದು ಗುಸುಗುಸು ಶುರುವಾಗುತ್ತದೆ. ವೈದ್ಯ ಗಾಯ ಮುಟ್ಟಿ ನೋಡಿ, ಮೊದಲು ಪರೀಕ್ಷೆ ಆಗಬೇಕೆಂದ.

“ಸ್ವಾಮಿ, ಪರೀಕ್ಷೆ ಅಂದರೆ ಸಾಕು, ಸುದ್ದಿ ಬೀಗರ ಕಿವಿಗೆ ಬೀಳುತ್ತೆ. ಮದುವೆ ಒಂದು ಮುಗೀಲಿ, ಆಮೇಲೆ ಏನು ಬೇಕಾದರೂ ಮಾಡಿ. ನನ್ನ ಮಗಳ ಮುಖ ನೋಡಿ,” ಎಂದು ಅವನು ವೈದ್ಯನ ಕಾಲು ಹಿಡಿದ.

ವೈದ್ಯ ಅವನನ್ನು ಹಿಡಿದೆತ್ತಿ ಕೂರಿಸಿದ. ಗಾಯದ ಅಂಚು ಬೆರಳಿಗೆ ಗಟ್ಟಿಯಾಗಿ ತಗಲಿತ್ತು. ಅನುಮಾನ ಬರದೆ ಇರಲಿಲ್ಲ. ಆದರೆ ಎದುರಿಗೆ ಅಳುತ್ತಿರುವ ಹೆಣ್ಣುಹೆತ್ತವನಿಗೆ ಆಗುವುದಿಲ್ಲವೆಂದು ಹೇಳುವುದು ಹೇಗೆ? ಮದುವೆಯಾದ ಮೇಲೆ ನೋಡೋಣ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು ಹಂದರ ಕೂರಿಸಿಬಿಟ್ಟ.

ಗಾಯ ತುಂಬಿತು. ವ್ಯಾಪಾರಿ ಬೀಗರ ಮಗ್ಗುಲಲ್ಲಿ ಕೂತು, ಖಾರದ ಸಾರನ್ನು ಕೇಳಿ ಕೇಳಿ ಬಡಿಸಿಕೊಂಡು ಉಂಡ. ವೈದ್ಯನಿಗೂ ಅದೇ ಪಂಕ್ತಿಯಲ್ಲಿ ಎಲೆ ಹಾಕಿ, ಬೇಡ ಬೇಡವೆಂದರೂ ಹೋಳಿಗೆ ಬಡಿಸಿದರು. ಅವನಿಗೂ ಹಿತವಾಗಿತ್ತು. ಮದುವೆ ಮುಗಿದ ಮೇಲೆ ವ್ಯಾಪಾರಿ ಪರೀಕ್ಷೆಯ ಮಾತು ಎತ್ತಲಿಲ್ಲ. ವಾಸಿಯಾದ ಗಾಯಕ್ಕೆ ಇನ್ನೆಂಥ ಪರೀಕ್ಷೆ! ವೈದ್ಯನೂ ಎತ್ತಲಿಲ್ಲ.

ಕೆಲವು ತಿಂಗಳ ಮೇಲೆ ವ್ಯಾಪಾರಿ ಮತ್ತೆ ಬಂದಾಗ ಅವನನ್ನು ಮಗಳು ಕೈಹಿಡಿದು ಕರೆತಂದಿದ್ದಳು. ಬಾಯಿ ತೆರೆಯಲು ಆಗುತ್ತಿರಲಿಲ್ಲ. ಕುತ್ತಿಗೆಯಲ್ಲಿ ಗಂಟು. ಹೊಸ ಚರ್ಮದ ಅಡಿಯಲ್ಲಿ ಕ್ಯಾನ್ಸರ್ ಅದೇ ಮದ್ದು ಕುಡಿದು ಕೊಬ್ಬಿತ್ತು. ಕತ್ತರಿಸಿ ತೆಗೆಯುವ ಕಾಲ ಮೀರಿತ್ತು.

“ಅಪ್ಪನಿಗೆ ನಿಮ್ಮ ಮೇಲೆ ತುಂಬ ನಂಬಿಕೆ ಸ್ವಾಮಿ. ಇನ್ನೊಂದು ಹಂದರ ಹಾಕಿಸಿಕೊಂಡರೆ ಸರಿಹೋಗುತ್ತೆ ಅಂತ ಬರೆದು ತೋರಿಸ್ತಾರೆ,” ಎಂದಳು ಮಗಳು. ವೈದ್ಯ ಅವಳ ಮುಖ ನೋಡಲಾರದೆ ತಲೆತಗ್ಗಿಸಿದ.

ಗುರುಗಳು ಕತೆ ನಿಲ್ಲಿಸಿದರು.

“ಪಾಪ, ಏನೇ ಆದರೂ ಆ ವೈದ್ಯ ಹಾಗೆ ಮಾಡಿದ್ದು ಕರುಣೆಯಿಂದಲೇ ಅಲ್ಲವೇ?” ಎಂದ ಪದ್ಮರಾಜ.

“ಕರುಣೆಯೇ ಕಣಪ್ಪ,” ಎಂದರು ಗುರುಗಳು, “‘ಇಲ್ಲ’ ಎಂದು ಹೇಳಬೇಕಾದ ಸಂಕಟದಿಂದ ಅವನು ತನ್ನನ್ನು ತಾನು ಪಾರುಮಾಡಿಕೊಂಡ.”