ಉಡಿಯೊಳಗಿನ ಕೊರಲೆ

ತುಂಗಭದ್ರೆಯ ಬಯಲಿನಲ್ಲಿ, ರಕ್ಕಸನನ್ನು ಸುಟ್ಟ ಬೂದಿಯೆಂದು ಜನ ನಂಬಿದ್ದ ಒಂದು ದಿಬ್ಬದ ಮಗ್ಗುಲಿಗೆ, ಪೂಜ್ಯ ಹುಲಿಗೆವ್ವ ತಾಯಿಯವರು ಗುಡಿಸಲು ಕಟ್ಟಿಕೊಂಡಿದ್ದರು. ಎರಡೆಕರೆ ಕೆಮ್ಮಣ್ಣಿನ ಮಸಾರಿ ಹೊಲವೇ ಅವರ ಮಠ. ದಾರಿಹೋಕರಿಗೆ ಕೊರಲೆಯೆಂಬ ಕಿರುಧಾನ್ಯದ ಅನ್ನ ಬಡಿಸುವುದೇ ಅವರ ಪೂಜೆ.

ಒಂದು ಬೇಸಿಗೆಯಲ್ಲಿ ದಿಬ್ಬವನ್ನು ಅಗೆಸಲು ಡಾಕ್ಟರ್ ಶ್ರೀಪಾದ ಗಲಗಲಿಯವರು ಬಂದರು. ಈ ಸೀಮೆಯ ಆದಿಜನರು ದನ ಕಾಯ್ದವರೇ ಹೊರತು ಬಿತ್ತಿ ಬೆಳೆದವರಲ್ಲ ಎಂದು ದಪ್ಪ ಗ್ರಂಥ ಬರೆದು ಹೆಸರಾದವರು. ಸಾಧುಸಂತರೆಂದರೆ ಅವರಿಗೆ ನಗು. ಹನ್ನೆರಡನೆಯ ದಿನ, ಎರಡಾಳುದ್ದದ ಕುಣಿಯ ತಳದ, ನಾಲ್ಕು ಸಾವಿರ ವರ್ಷ ಹಳೆಯ ಮಣ್ಣನ್ನು ನೀರಿನಲ್ಲಿ ಕದಡಿದಾಗ ಕರಕಲು ಕಾಳುಗಳು ತೇಲಿದವು. ಹುಲ್ಲಿನ ಬೀಜವೋ, ಬೆಳೆದ ಧಾನ್ಯವೋ? ಧಾನ್ಯವಾದರೆ ಅವರ ಗ್ರಂಥವೇ ಸುಳ್ಳು. ಎರಡು ದಿನ ಭೂತಗನ್ನಡಿ ಹಿಡಿದು ಕೂತರೂ ಗುರುತು ಹತ್ತಲಿಲ್ಲ. "ತಾಯಿಗೆ ತೋರಿಸ್ರಿ ಸಾಹೇಬ್ರ" ಎಂದು ಕೂಲಿಯವರು ಗಂಟುಬಿದ್ದ ಮೇಲೆ, ಒಲ್ಲದ ಮನಸ್ಸಿನಿಂದ ಗುಡಿಸಲಿಗೆ ನಡೆದರು.

ತಾಯಿಯವರು ಕಾಳನ್ನು ಅಂಗೈಯಲ್ಲಿಟ್ಟುಕೊಂಡು ನೋಡಿದರು. ಬೀಜದ ಗಡಿಗೆಯಿಂದ ಚಿಟಿಕೆ ಕೊರಲೆ ತೆಗೆದು, ಹಂಚಿನ ಮೇಲೆ ಸೀಯುವ ತನಕ ಹುರಿದು, ಅಗೆದು ತೆಗೆದ ಕಾಳಿನ ಪಕ್ಕ ಇಟ್ಟರು.

"ನೋಡಪ್ಪಾ."

ಗಲಗಲಿಯವರು ಕನ್ನಡಿ ಹಿಡಿದರು. ಅದೇ ಹೊಟ್ಟೆ, ಅದೇ ಸಿಪ್ಪೆಯ ನಿರಿಗೆ. ನಾಲ್ಕು ಸಾವಿರ ವರ್ಷದ್ದು ಯಾವುದು, ಈಗ ಹುರಿದದ್ದು ಯಾವುದು, ತಿಳಿಯಲಿಲ್ಲ. ಕನ್ನಡಿ ಕೆಳಗಿಟ್ಟರು.

"ಇದು ನಿಮಗೆ ಎಲ್ಲಿಂದ ಬಂತು?"

"ನಮ್ಮವ್ವ ಉಡಿಯೊಳಗ ಹಾಕಿ ಕಳಿಸಿದಳು. ಅಕಿಗೆ ಅವರವ್ವ. ಲಗ್ನ ಆಗಿ ಹೋದ ಹೆಣ್ಮಕ್ಕಳ ಜೋಡಿ ಕಾಳೂ ಊರೂರಿಗೆ ಹೋತು."

ವಾದದ ಚಟ ಇನ್ನೂ ಬಿಟ್ಟಿರಲಿಲ್ಲ. "ನಡುವೆ ಎಷ್ಟು ಬರ ಬಂದಿರಬೇಕು! ಹಸಿದಾಗ ಯಾರೂ ಬೀಜ ತಿನ್ನಲಿಲ್ಲವೇ?"

ತಾಯಿಯವರು ಗಡಿಗೆಯ ಮೇಲೆ ಕೈಯಿಟ್ಟು ಮೆಲ್ಲಗೆ ನುಡಿದರು: "ಒಬ್ಬಾಕಿ ತಿಂದಿದ್ರೂ ಇದು ಬರಿದಾಗಿರ್ತಿತ್ತಲ್ಲೋ, ಯಪ್ಪಾ."

ಮಕ್ಕಳು ಅಳುತ್ತಿರುವಾಗ ಗಡಿಗೆಯ ಬಾಯಿ ಬಿಗಿದು ಕುಳಿತ ತಾಯಂದಿರು, ಒಬ್ಬರ ಹಿಂದೊಬ್ಬರು, ಇನ್ನೂರು ತಲೆಮಾರು, ಆ ಪುಟ್ಟ ಗುಡಿಸಲಿನಲ್ಲಿ ಬಂದು ನಿಂತಂತೆ ಗಲಗಲಿಯವರಿಗೆ ಭಾಸವಾಯಿತು. ಯಾವ ದೇವರಿಗೂ ಬಾಗದ ತಲೆ ತಾಯಿಯವರ ಪಾದದ ಮೇಲಿತ್ತು.

ಅಂದು ಅವರು ಅಲ್ಲಿಯೇ ಉಂಡರು. ಎಲೆಯಾಚೆ ಸಿಡಿದಿದ್ದ ಒಂದು ಅಗುಳನ್ನು ಬೆರಳ ತುದಿಯಿಂದ ಹೆಕ್ಕಿ ಬಾಯಿಗಿಟ್ಟುಕೊಳ್ಳುವಾಗ ಆ ಪಂಡಿತರ ಕಣ್ಣು ತುಂಬಿದ್ದನ್ನು ಪಂಕ್ತಿಯಲ್ಲಿದ್ದವರೆಲ್ಲ ಕಂಡರು.