ತೋಮಾಸಾ ಓದಿದ ತುಟಿಗಳು

ಸಿನಿಮಾಕ್ಕೆ ಇನ್ನೂ ಮಾತು ಬಾರದ ಕಾಲ. ಮೆಕ್ಸಿಕೊ ನಗರದಲ್ಲಿ ಎಲೋದಿಯಾ ಎಂಬ ನಟಿಯಿದ್ದಳು. ಹದಿನೇಳರ ಹರೆಯದಲ್ಲಿ ನಾಟಕದ ಕಂಪನಿ ಬಿಟ್ಟು ಸಿನಿಮಾಕ್ಕೆ ಬಂದವಳು. ಪರದೆಯ ಮೇಲೆ ಅವಳು ಅತ್ತರೆ ಸಾಕು, ಮೀಸೆ ತಿರುವುವ ಗಂಡಸರೂ ಕರವಸ್ತ್ರ ತೆಗೆಯುತ್ತಿದ್ದರು.

ಆಗ ನಟರ ತುಟಿ ಅಲುಗುವುದಷ್ಟೇ ಕಾಣುತ್ತಿತ್ತು. ಮಾತು ಆಮೇಲೆ ಪರದೆಯ ಮೇಲೆ ಅಕ್ಷರವಾಗಿ ಬರುತ್ತಿತ್ತು. ಹಾಗಾಗಿ ಕ್ಯಾಮೆರಾ ಮುಂದೆ ಎಲ್ಲರೂ ಬಾಯಿಗೆ ಬಂದದ್ದು ಆಡುತ್ತಿದ್ದರು. ಕೇಳುವವರು ಯಾರು? ಎಲೋದಿಯಾಳೂ ಈ ವಿಷಯದಲ್ಲಿ ಹಿಂದೆ ಬಿದ್ದವಳಲ್ಲ.

ಅವಳ ಉಡುಪು ಹೊಲಿಯುತ್ತಿದ್ದವಳು ತೋಮಾಸಾ. ಎಳವೆಯಲ್ಲಿ ಬಂದ ಜ್ವರ ಅವಳ ಕಿವಿ ಕಿತ್ತುಕೊಂಡಿತ್ತು. ಎದುರಿನವರ ತುಟಿ ನೋಡಿ ಮಾತು ತಿಳಿಯುತ್ತಿದ್ದಳು, ಹೇಳಬೇಕಾದ್ದನ್ನು ಸ್ಲೇಟಿನ ಮೇಲೆ ಬರೆಯುತ್ತಿದ್ದಳು. ಹಿಂದಿನ ವರ್ಷ ಅವಳ ಆರು ವರ್ಷದ ಮಗಳು ಚೇಲೊ ತೀರಿಕೊಂಡಿದ್ದಳು. ಅಂದಿನಿಂದ ತೋಮಾಸಾ ಒಂದು ಹನಿ ಕಣ್ಣೀರು ಹಾಕಿರಲಿಲ್ಲ. ದುಃಖವೆಲ್ಲ ಎದೆಯಲ್ಲೇ ಹೆಪ್ಪುಗಟ್ಟಿತ್ತು.

"ನನ್ನ ಹೊಸ ಚಿತ್ರ ನೋಡು. ಸತ್ತ ಮಗುವಿನ ಪಕ್ಕ ತಾಯಿ ಅಳ್ತಾಳೆ. ನೀನೂ ಅತ್ತು ಹಗುರಾಗ್ತೀಯ," ಎಂದು ಎಲೋದಿಯಾ ತಾನೇ ಅವಳನ್ನು ಕರೆದೊಯ್ದಳು.

ಆ ದೃಶ್ಯಕ್ಕೆ ಇಡೀ ಚಿತ್ರಮಂದಿರ ಬಿಕ್ಕಿತು. ತೋಮಾಸಾ ಮಾತ್ರ ಎದ್ದು ಹೊರಗೆ ನಡೆದುಬಿಟ್ಟಳು. ಎಲೋದಿಯಾಗೆ ಮೂಗಿನ ತುದಿಯಲ್ಲೇ ಕೋಪ. ಹಿಂದೆಯೇ ಓಡಿದಳು.

"ಯಾಕೆ, ನನ್ನ ಅಳು ನಿನಗೆ ಸಾಲಲಿಲ್ವಾ?"

ತೋಮಾಸಾ ಸ್ಲೇಟಿನ ಮೇಲೆ ಬರೆದಳು: "ಸೆನ್ಯೋರಾ, ಸತ್ತ ಮಗುವಿನ ಕೈ ಹಿಡಿದು ನೀವು, 'ಈ ಬೂಟು ಕಾಲು ಕಚ್ತಿದೆ, ಊಟಕ್ಕೆ ಯಾವಾಗ ಬಿಡ್ತಾರೋ' ಅಂದಿರಿ."

ಎಲೋದಿಯಾ ನಾಚಿಕೆಯಿಂದ ಕುಗ್ಗಿಹೋದಳು. ಅಂದು ಬೂಟು ಕಚ್ಚಿದ್ದೂ ನಿಜ, ಅವಳು ಹಾಗೆ ಅಂದದ್ದೂ ನಿಜ.

ಮಾರನೆಯ ದಿನ ನಿರ್ದೇಶಕ ದೋನ್ ಹಸಿಂತೊ ಮುಂದೆ ನಿಂತಳು. "ಆ ದೃಶ್ಯ ಮತ್ತೆ ತೆಗೀರಿ. ತೋಮಾಸಾ ನನ್ನ ತುಟಿ ಓದಿಬಿಟ್ಟಳು."

"ಊರಿಗೆ ಊರೇ ಅತ್ತಿದೆ. ಒಬ್ಬಳು ಕಿವುಡಿಗೋಸ್ಕರ ತಲೆ ಕೆಡಿಸ್ಕೋಬೇಡಮ್ಮಾ."

"ಹಾಗಾದರೆ ಮುಂದಿನ ಚಿತ್ರಕ್ಕೆ ಬೇರೆಯವರನ್ನ ನೋಡ್ಕೊಳ್ಳಿ."

ಅವರು ಗೊಣಗುತ್ತಲೇ ಒಪ್ಪಿದರು. ಎಲೋದಿಯಾ ನೇರ ತೋಮಾಸಾಳ ಮನೆಗೆ ಹೋದಳು. "ಚೇಲೊ ತೀರಿಕೊಂಡ ದಿನ ನೀನು ಏನಂದೆ?"

ತೋಮಾಸಾ ಸ್ಲೇಟು ಎಳೆದುಕೊಂಡು ಬರೆದಳು: "ಚೇಲೊ ಅಂದೆ. ಬೇರೇನೂ ಬಾಯಿಗೆ ಬರಲಿಲ್ಲ."

ಈ ಸಲ ಕ್ಯಾಮೆರಾ ಮುಂದೆ ಎಲೋದಿಯಾ ಕೈ ಚಾಚಲಿಲ್ಲ, ಎದೆ ಬಡಿದುಕೊಳ್ಳಲಿಲ್ಲ. ಹಾಸಿಗೆಯ ಕಡೆ ಬಾಗಿ ಹೆಸರು ಕರೆದಳು, ಅಷ್ಟೇ. ಹೊಸ ದೃಶ್ಯ ಸೇರಿದ ಚಿತ್ರವನ್ನು ತೋಮಾಸಾ ಎಲೋದಿಯಾಳ ಕೈ ಹಿಡಿದು ಕೂತು ನೋಡಿದಳು. ಪರದೆಯ ಮೇಲಿನ ತುಟಿ ಅಲುಗಿತು. ತೋಮಾಸಾ ಓದಿದಳು: 'ಚೇಲೊ.' ವರ್ಷವಿಡೀ ಕಟ್ಟಿಕೊಂಡಿದ್ದ ಅಳು ಒಮ್ಮೆಲೇ ಒಡೆಯಿತು. ತಾನೆಷ್ಟು ಜೋರಾಗಿ ಅಳುತ್ತಿದ್ದೇನೆಂದು ಅವಳಿಗೆ ಗೊತ್ತಿರಲಿಲ್ಲ. ಜನ ತಿರುಗಿ ನೋಡಿದರು. ಎಲೋದಿಯಾ ಅವಳ ಕೈ ಬಿಡಲಿಲ್ಲ.

ಕೆಲವು ವರ್ಷ ಕಳೆದವು. ಸಿನಿಮಾಕ್ಕೆ ಮಾತು ಬಂತು. ಎಲೋದಿಯಾಳ ದನಿ ಒರಟು ಎಂದು ಯಾರೂ ಅವಳನ್ನು ಕರೆಯಲಿಲ್ಲ. ಊರು ಅವಳನ್ನು ಮರೆತೇಬಿಟ್ಟಿತು. ತೋಮಾಸಾ ಮಾತ್ರ ಹೊಲಿಗೆ ಯಂತ್ರದ ಮೇಲಿನ ಗೋಡೆಗೆ ಅವಳ ಫೋಟೊ ಹಾಕಿಕೊಂಡಿದ್ದಳು. ಕೆಳಗೆ ತನ್ನ ಕೈಯಾರೆ ಬರೆದಿದ್ದಳು: "ಇವರ ದನಿ ನಾನು ಕೇಳಿದ್ದೇನೆ."

ನೀತಿ: ಯಾರಿಗೆ ತಿಳಿಯುತ್ತದೆ ಎಂದು ಉದಾಸೀನದಿಂದ ಮಾಡಿದ ಕೆಲಸವನ್ನೂ ತಿಳಿಯುವವರು ಒಬ್ಬರು ಇದ್ದೇ ಇರುತ್ತಾರೆ. ಊರೇ ಮೆಚ್ಚಿದರೂ ಆ ಒಬ್ಬರಿಗೆ ಮೋಸ ಮಾಡಬೇಡಿ.