ಕೋಸಂಬರಿಯ ಜಾಗ

ಹೊಳೆಯ ದಂಡೆಯಲ್ಲಿ ಒಂದು ಆಶ್ರಮ. ಅದಕ್ಕೆ ಹೊಂದಿಕೊಂಡು ಒಂದು ಹೈಸ್ಕೂಲು.

ಆ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ವಿಜ್ಞಾನ ಕಲಿಸಿದ ಹೊನ್ನಪ್ಪ ಮೇಷ್ಟ್ರು ನಿವೃತ್ತರಾದ ಮೇಲೆ ಆಶ್ರಮದ ಅಡುಗೆಮನೆ ಸೇರಿಕೊಂಡರು. ಇದೂ ಪ್ರಯೋಗಶಾಲೆಯೇ, ಇಲ್ಲಿ ಮಾಡಿದ್ದನ್ನು ತಿನ್ನಲೂಬಹುದು ಎನ್ನುತ್ತಿದ್ದರಂತೆ. ಎಂಥ ಮಾತು ನೋಡಿ!

ಅವರ ಕುರ್ಚಿಯಲ್ಲಿ ಈಗ ಅವರದೇ ಶಿಷ್ಯ ವಾಗೀಶ.

ಒಂದು ಹುಣ್ಣಿಮೆಯ ಬೆಳಗ್ಗೆ ವಾಗೀಶ ಸಪ್ಪೆ ಮುಖ ಮಾಡಿಕೊಂಡು ಬಂದ. ಮೇಷ್ಟ್ರು ಸೌತೆಕಾಯಿ ಹೆಚ್ಚುತ್ತಿದ್ದರು.

"ಏನೋ, ಹತ್ತನೇ ಕ್ಲಾಸು ಹೇಗಿದೆ?"

"ಆವರ್ತ ಕೋಷ್ಟಕ ಮುಗೀತು ಮೇಷ್ಟ್ರೇ. ನಾಲ್ಕೇ ದಿನ. ನೂರಾ ಹದಿನೆಂಟು ಧಾತುಗಳನ್ನೂ ಮಕ್ಕಳು ಗಿಳಿ ಹಾಗೆ ಒಪ್ಪಿಸ್ತಾರೆ."

"ಮತ್ತೆ ಮುಖ ಯಾಕೆ ಹೀಗಿದೆ?"

ವಾಗೀಶ ನೆಲ ನೋಡಿದ. "ಇಂಚರ ಅಂತ ಒಂದು ಹುಡುಗಿ. ಗ್ಯಾಲಿಯಂ ಯಾಕೆ ಅಲ್ಯೂಮಿನಿಯಂ ಕೆಳಗೇ ಕೂತಿದೆ, ಬೇರೆ ಕಡೆ ಕೂರಬಾರದಾ ಅಂತ ಕೇಳಿದಳು. ಅದು ಪರೀಕ್ಷೆಗೆ ಬರಲ್ಲ, ಕೂತ್ಕೋ ಅಂದುಬಿಟ್ಟೆ."

"ಕೂತಳಾ?"

"ಕೂತಳು. ಅವತ್ತಿನಿಂದ ಬಾಯೇ ಬಿಟ್ಟಿಲ್ಲ. ದಿನಕ್ಕೆ ಹತ್ತು ಪ್ರಶ್ನೆ ಕೇಳ್ತಿದ್ದ ಮಗು ಮೇಷ್ಟ್ರೇ. ಅವಳು ಮತ್ತೆ ಕೇಳೋ ಹಾಗೆ ಮಾಡೋದು ಹೇಗೆ?"

ಮೇಷ್ಟ್ರು ಈಳಿಗೆಮಣೆ ಬಿಟ್ಟು ಎದ್ದರು. "ಪಂಚೆ ಕಟ್ಟು. ಇವತ್ತು ನೀನು ಬಡಿಸು."

ಹುಣ್ಣಿಮೆಯ ದಿನ ಶಾಲೆಯ ಮಕ್ಕಳಿಗೆ ಆಶ್ರಮದಲ್ಲಿ ಬಾಳೆಎಲೆ ಊಟ. ಹತ್ತನೇ ಕ್ಲಾಸು ಸಾಲಾಗಿ ಕೂತಿತ್ತು. ಸಾರ್ ಪಂಚೆಯಲ್ಲಿ ಬಂದದ್ದೇ ತಡ, ಸಾಲಿಗೆ ಸಾಲೇ ಕಿಸಕ್ಕೆಂದಿತು.

ವಾಗೀಶ ಮೊದಲ ಎಲೆಗೆ ಪಲ್ಯವನ್ನು ಗುಡ್ಡೆಯಾಗಿ ಸುರಿದ. ಅದು ಜಾರಿ ಉಪ್ಪಿನಕಾಯಿಯ ಮೇಲೆ ಕೂತಿತು.

"ಬಡಿಸ್ತಿದ್ದೀಯೋ, ಗಾಡಿ ಮಣ್ಣು ಇಳಿಸ್ತಿದ್ದೀಯೋ?" ಮೇಷ್ಟ್ರು ಗದರಿದರು. ಆಮೇಲೆ ಕಿವಿಯಲ್ಲಿ, "ಉಪ್ಪಿನಕಾಯಿಗೂ ಪಲ್ಯಕ್ಕೂ ಮಧ್ಯೆ ಜಾಗ ಬಿಡು. ಅಲ್ಲಿ ಏನೂ ಬಡಿಸಬೇಡ."

ಉಳಿದ ಎಲೆಗಳಿಗೂ ಉಪ್ಪು ಬಂತು, ಉಪ್ಪಿನಕಾಯಿ ಬಂತು, ಪಲ್ಯ ಬಂತು. ಬಲಗಡೆ ಕೆಳಮೂಲೆಗೆ ಪಾಯಸ ಬಂತು. ಅನ್ನ ಬಂತು, ತೊವ್ವೆ ಬಂತು.

"ಸಾರ್, ಕೋಸಂಬರಿ ಮರೆತ್ರಿ!" ನಾಲ್ಕಾರು ಮಕ್ಕಳು ಒಟ್ಟಿಗೇ ಕೂಗಿದರು.

ಮೇಷ್ಟ್ರು ಸೊಂಟಕ್ಕೆ ಕೈಯಿಟ್ಟರು. "ಇವತ್ತು ಕೋಸಂಬರಿ ಮಾಡಿದ್ದೀವಿ ಅಂತ ಯಾರು ಹೇಳಿದ್ದು?"

"ಜಾಗ ಖಾಲಿ ಇದೆಯಲ್ಲ ತಾತ!"

"ಅಲ್ಲಿಗೆ ಹಪ್ಪಳ ಬರಬಾರದಾ?"

"ಅಯ್ಯೋ, ಅದು ಹಪ್ಪಳದ ಜಾಗ ಅಲ್ಲ!"

"ಸರಿ. ಇನ್ನೂ ಕಣ್ಣಿಗೇ ಬೀಳದ ಪದಾರ್ಥ. ಹೇಗಿರುತ್ತೆ ಹೇಳಿ ನೋಡೋಣ."

"ತಣ್ಣಗೆ!" "ಹೆಸರುಬೇಳೆ ಇರುತ್ತೆ!" "ನಿಂಬೆಹುಳಿ, ತಾತ!" ಒಬ್ಬ ಹುಡುಗನಂತೂ ಖಾಲಿ ಜಾಗವನ್ನೇ ನೋಡುತ್ತ ಬಾಯಿ ಚಪ್ಪರಿಸಿದ. ಪಂಕ್ತಿಯೆಲ್ಲ ನಗು.

ಇಂಚರ ಮಾತ್ರ ನಗಲಿಲ್ಲ. ಎಲೆಯ ಮೇಲಿನ ಆ ಖಾಲಿ ಜಾಗಕ್ಕೆ ಬೆರಳಿಟ್ಟುಕೊಂಡು ಕೂತಿದ್ದಳು.

ವಾಗೀಶ ಕೋಸಂಬರಿಯ ಬಕೆಟ್ಟು ಹಿಡಿದು ಅವಳ ಎದುರು ಬಂದು ನಿಂತ. ಅವಳು ತಲೆ ಎತ್ತಿದಳು. ಬಾಯಿ ತೆರೆದಳು, ಮುಚ್ಚಿದಳು.

ವಾಗೀಶ ಬಕೆಟ್ಟು ಕೆಳಗಿಟ್ಟು ಅವಳ ಎಲೆಯ ಮುಂದೆ ಕುಕ್ಕರಗಾಲಲ್ಲಿ ಕೂತ.

"ಅವತ್ತು ತಪ್ಪು ನಂದು ಕಣಮ್ಮ. ಕೇಳು."

"ಸಾರ್... ಗ್ಯಾಲಿಯಂ ಸಿಗೋದಕ್ಕೆ ಮುಂಚೆ, ಅದರ ಜಾಗ ಹೀಗೇ ಖಾಲಿ ಇತ್ತಾ?"

"ಇತ್ತು!"

"ಆ ಜಾಗ ನೋಡಿಯೇ ಅದು ಹೇಗಿರುತ್ತೆ ಅಂತ ಯಾರಾದ್ರೂ ಹೇಳಿದ್ರಾ?"

"ಹೇಳಿದ್ರು! ಈ ಕೋಷ್ಟಕ ಬರೆದವರೇ ಹೇಳಿದ್ರು. ಅಲ್ಯೂಮಿನಿಯಂ ಕೆಳಗೆ ಜಾಗ ಬಿಟ್ಟು, ಇಲ್ಲಿಗೊಂದು ಲೋಹ ಬರುತ್ತೆ ಅಂದ್ರು."

"ಬಂತಾ ಸಾರ್? ಅವರು ಹೇಳಿದ ಹಾಗೇ ಇತ್ತಾ?"

ಇನ್ನೇನು ಬೇಕು? ವಾಗೀಶನಿಗೆ ಸಂತೋಷದಲ್ಲಿ ಮೈಮೇಲೆ ಎಚ್ಚರವಿಲ್ಲ. ಒಂದು ಕೈಯಲ್ಲಿ ಸೌಟಿನ ತುಂಬ ಕೋಸಂಬರಿ ಎತ್ತಿದ, ಇನ್ನೊಂದು ಕೈ ಗಾಳಿಯಲ್ಲಿ ಕೋಷ್ಟಕ ಬರೆಯತೊಡಗಿತು. "ಹಾಗೇ ಇತ್ತು ಕಣೇ! ತೂಕ ನೋಡು, ಸಾಂದ್ರತೆ ನೋಡು, ಅಂಗೈಯಲ್ಲಿಟ್ಟರೆ ಕರಗುತ್ತೆ, ಅಷ್ಟೇ ಅಲ್ಲ, ಪಕ್ಕದಲ್ಲಿ ಜರ್ಮೇನಿಯಂ, ಆ ಕಡೆ ಸ್ಕ್ಯಾಂಡಿಯಂ, ಅವುಗಳ ಜಾಗವೂ..."

ಹಿಂದಿನಿಂದ ಮೇಷ್ಟ್ರ ಕೈ ಬಂದು ಸೌಟನ್ನು ಹಿಡಿಯಿತು.

"ಒಂದು ಚೂರು ಬಡಿಸೋ ಸಾಕು. ಕೇಳಿ ಹಾಕಿಸಿಕೊಳ್ಳಲಿ."